ಒಂದು ಮಂಚದಗಲದ ಮಣ್ಣು

ಸಾವಯವ ಕೃಷಿ ದೃಢೀಕರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಒಂದು ಚೀಲ ಮಣ್ಣು ನೋಡಿ ಹದಿನೆಂಟು ಹೊಲಗಳ ಹಣೆಬರಹ ಬರೆದ ಮಾನ್ಯರೇ,

ನನ್ನ ದೂರು ಬಹಳ ಸಣ್ಣದು. ನೀವು ನನ್ನನ್ನು ನಂಬಿದಿರಿ. ಎದ್ದು ಬಂದು ನೋಡದೆ, ಬಗ್ಗಿ ಮುಟ್ಟದೆ, ಒಂದೇ ಒಂದು ಪ್ರಶ್ನೆ ಕೇಳದೆ ನಂಬಿದಿರಿ. ಅಷ್ಟಕ್ಕೇ ನಿಲ್ಲದೆ ನನ್ನ ಫೋಟೋಗೆ ಕಟ್ಟು ಹಾಕಿಸಿ, ಕಚೇರಿಯ ಮೆಟ್ಟಿಲು ಹತ್ತಿದೊಡನೆ ಕಣ್ಣಿಗೆ ಬೀಳುವ ಗೋಡೆಗೆ ತೂಗುಹಾಕಿ, ಕೆಳಗೆ ‘ಅತ್ಯುತ್ತಮ ಮಣ್ಣಿನ ಪಾಲಕ’ ಎಂದು ಬರೆಸಿದಿರಿ. ಆ ಫೋಟೋದಲ್ಲಿ ಹಲ್ಲು ಕಿರಿಯುತ್ತಿರುವ ಮನುಷ್ಯ ಸುಳ್ಳುಗಾರ. ಅವನನ್ನು ಅರವತ್ತೊಂದು ವರ್ಷದಿಂದ ಬಲ್ಲೆ. ಈ ಪತ್ರ ಬರೆಯುತ್ತಿರುವವನೂ ಅವನೇ.

ನಡೆದದ್ದನ್ನು ಹೇಳುತ್ತೇನೆ. ಹೋದ ವರ್ಷ ನಿಮ್ಮ ಸುತ್ತೋಲೆ ಬಂತು. ನಮ್ಮ ಹದಿನೆಂಟು ಹೊಲಗಳನ್ನು ಒಂದೇ ಗುಂಪೆಂದು ಪರಿಗಣಿಸಲಾಗುವುದು. ಗುಂಪಿನ ಪರವಾಗಿ ಒಬ್ಬ ಸದಸ್ಯರ ಹೊಲದ ಮಣ್ಣು ಪರೀಕ್ಷೆಗೆ ಸಾಕು. ಫಲಿತಾಂಶ ಉತ್ತಮವಾಗಿದ್ದರೆ ಆ ಸದಸ್ಯರಿಗೆ ಸಭೆಯಲ್ಲಿ ಸನ್ಮಾನ ಮತ್ತು ಐದು ನಿಮಿಷ ಮಾತನಾಡಲು ಅವಕಾಶ. ಮಾನ್ಯರೇ, ಮೂವತ್ತು ವರ್ಷ ನಾಟಕಗಳಲ್ಲಿ ರಾಜನ ಪಾರ್ಟು ಕಟ್ಟಿದವನಿಗೆ ‘ಐದು ನಿಮಿಷ ಮಾತನಾಡಲು ಅವಕಾಶ’ ಎಂದು ಬರೆಯುವುದು ಬೆಕ್ಕಿನ ಮುಂದೆ ಹಾಲಿನ ಬಟ್ಟಲಿಟ್ಟ ಹಾಗೆ. ಕೈ ಎತ್ತಿದವರಲ್ಲಿ ಮೊದಲನೆಯವನು ನಾನು. ಕೊನೆಯವನೂ ನಾನೇ; ಉಳಿದವರಿಗೆ ಹೊಲದಲ್ಲಿ ಕೆಲಸವಿತ್ತು.

ಮಣ್ಣು ತೆಗೆಯುವ ಕ್ರಮವನ್ನು ನಿಮ್ಮ ಕೈಪಿಡಿ ಚೆನ್ನಾಗಿಯೇ ಹೇಳುತ್ತದೆ. ಹೊಲದುದ್ದಕ್ಕೂ ಅಂಕುಡೊಂಕಾಗಿ ನಡೆದು ಹತ್ತು ಕಡೆ ಒಂದು ಗೇಣು ಆಳ ಅಗೆಯಬೇಕು. ಹತ್ತೂ ಕಡೆಯ ಮಣ್ಣನ್ನು ಬಟ್ಟೆಯ ಮೇಲೆ ಹರಡಿ, ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವವರೆಗೂ ಹೀಗೇ. ನನ್ನ ಹೊಲದ ಮಣ್ಣು ಮರಳು ಮಿಶ್ರಿತ, ಬೂದು ಬಣ್ಣದ್ದು. ಅದರಲ್ಲಿ ನೀರೂ ನಿಲ್ಲದು, ಸತ್ವವೂ ನಿಲ್ಲದು. ಆದರೆ ಒಂದು ಮೂಲೆಯಲ್ಲಿ ನಮ್ಮಪ್ಪನ ಕಾಲದಿಂದ ಗೊಬ್ಬರದ ಗುಡ್ಡೆ ಇದ್ದ ಜಾಗವಿದೆ. ಗುಡ್ಡೆ ತೆಗೆದು ಐದು ವರ್ಷವಾದರೂ ಅಲ್ಲಿನ ಮಣ್ಣು ಕಾಡಿಗೆಯಷ್ಟು ಕಪ್ಪು, ಹಿಡಿದರೆ ಬೆಣ್ಣೆ. ನಾನು ಹತ್ತು ಗುಂಡಿ ತೋಡಿದೆ. ಇದು ಸುಳ್ಳಲ್ಲ. ಹತ್ತೂ ಗುಂಡಿಗಳನ್ನು ಆ ಮೂಲೆಯಲ್ಲಿ, ಒಂದು ಮಂಚ ಹಾಕುವಷ್ಟು ಜಾಗದಲ್ಲಿ ತೋಡಿದೆ. ಬಟ್ಟೆ ಹಾಸಿದೆ, ಕಲಸಿದೆ, ಪಾಲು ಮಾಡಿದೆ, ಚೆಲ್ಲಿದೆ. ‘ನನ್ನ ಹೊಲದ ಹತ್ತು ಸ್ಥಳಗಳಿಂದ ಸಂಗ್ರಹಿಸಿದ್ದೇನೆ’ ಎಂಬಲ್ಲಿ ರುಜು ಹಾಕಿದೆ. ಅಕ್ಷರ ಅಕ್ಷರವೂ ಸತ್ಯ. ಇಂಥ ಸತ್ಯಕ್ಕೆ ಸುಳ್ಳಿಗಿಂತ ಹೆಚ್ಚು ತಾಲೀಮು ಬೇಕು.

ನಮ್ಮ ಹೊಲದಲ್ಲಿ ದುಡಿಯುವವಳು ನನ್ನ ಅಕ್ಕ. ದುಡಿಮೆಯ ಬಗ್ಗೆ ಮಾತಾಡುವವನು ನಾನು. ಅವಳು ಬದುವಿನ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು.

“ಅದು ಮಣ್ಣಲ್ಲ ಕಣೋ, ಗೊಬ್ಬರದ ಮಗಳು. ಮೈಯೆಲ್ಲ ಸೊರಗಿರೋಳಿಗೆ ಕೆನ್ನೆಗೆ ಬಣ್ಣ ಹಚ್ಚಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯಾ?”

ಇದೂ ನಮ್ಮ ಹೊಲವೇ ಅಲ್ಲವೇ ಎಂದೆ. ಅವಳು ಸೆರಗು ಕೊಡವಿ ಎದ್ದುಹೋದಳು.

ಇನ್ನು ನಿಮ್ಮ ಕಡೆಯ ಪರಿವೀಕ್ಷಕರು. ಅವರು ನಮ್ಮ ಜಗಲಿಯ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದರು. ಹೊಲ ಹತ್ತಿರವೇ ಇದೆ, ನೋಡಬಹುದಿತ್ತು ಎಂದು ಬಾಯಿಮಾತಿಗೆ ಹೇಳಿದೆ; ಎಲ್ಲಿ ಎದ್ದುಬಿಡುತ್ತಾರೋ ಎಂದು ಇನ್ನೊಂದು ಲೋಟ ಚಹಾ ಮುಂದಿಟ್ಟೆ. ಅವರು ತಮ್ಮ ಬೂಟು ನೋಡಿಕೊಂಡರು. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಸಾಕಲ್ಲವೇ ಎಂದು ಗಾದೆ ಹೇಳಿ, ಚೀಲಕ್ಕೆ ಮೊಹರು ಒತ್ತಿ ಹೊರಟರು. ಮಾನ್ಯರೇ, ಆ ಗಾದೆ ಒಂದೇ ಪಾತ್ರೆಯ ಅನ್ನಕ್ಕೆ ಹೊಂದುತ್ತದೆ. ಹದಿನೆಂಟು ಒಲೆ, ಹದಿನೆಂಟು ಪಾತ್ರೆ ಇರುವಾಗ, ಅಗುಳು ತಂದುಕೊಡುವವನು ಪಕ್ಕದ ಮನೆಯ ಪಾತ್ರೆಗೆ ಕೈ ಹಾಕಿದ್ದಾನೆಯೇ ಎಂದು ಯಾರು ನೋಡಬೇಕು? ನೋಡುವ ಕೆಲಸಕ್ಕೇ ಅಲ್ಲವೇ ನಿಮ್ಮ ಕಚೇರಿ ಇರುವುದು?

ಫಲಿತಾಂಶ ಬಂತು. ಸಾವಯವ ಇಂಗಾಲ ಅತ್ಯಧಿಕ, ರಂಜಕ ಅತ್ಯಧಿಕ, ಪೊಟ್ಯಾಷ್ ಅತ್ಯಧಿಕ. ಸನ್ಮಾನವಾಯಿತು. ಕೊಟ್ಟ ಐದು ನಿಮಿಷದಲ್ಲಿ ಇಪ್ಪತ್ತೆರಡು ನಿಮಿಷ ಮಾತಾಡಿದೆ. ಮಣ್ಣು ತಾಯಿ ಎಂದೆ, ಧ್ವನಿ ನಡುಗಿಸಿದೆ, ಮುಂದಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಅದರ ಬೆನ್ನಿಗೇ ನಿಮ್ಮ ಆದೇಶವೂ ಬಂತು: ಈ ಗುಂಪಿನ ಮಣ್ಣಿನಲ್ಲಿ ಪೋಷಕಾಂಶಗಳು ಅಗತ್ಯಕ್ಕಿಂತ ಹೆಚ್ಚಿರುವುದರಿಂದ ಎರಡು ಹಂಗಾಮು ಯಾರೂ ಕಾಂಪೋಸ್ಟ್ ಹಾಕತಕ್ಕದ್ದಲ್ಲ, ಹಾಕಿದರೆ ದೃಢೀಕರಣ ರದ್ದು. ನಾನು ಹಸಿವಾಗಿಲ್ಲ ಎಂದು ಸುಳ್ಳು ಹೇಳಿದ್ದಕ್ಕೆ ನೀವು ಇಡೀ ಪಂಕ್ತಿಯ ಎಲೆ ಎತ್ತಿಸಿದಿರಿ.

ನನ್ನನ್ನೂ ಇನ್ನೊಬ್ಬರನ್ನೂ ಬಿಟ್ಟು ಉಳಿದ ಹದಿನಾರು ಮಂದಿ ಆದೇಶವನ್ನು ಎಷ್ಟು ಪಾಲಿಸಿದರು ಎಂದು ನಾನು ಬರೆಯುವುದಿಲ್ಲ. ಅವರ ತಪ್ಪೊಪ್ಪಿಗೆ ಅವರದು. ಚಾಚೂ ತಪ್ಪದೆ ಪಾಲಿಸಿದವರು ಒಬ್ಬರು: ನನ್ನ ಹೊಲದ ಬದುವಿನಾಚೆಯ ತುಂಡು ಜಮೀನನ್ನು ಗುತ್ತಿಗೆಗೆ ಹಿಡಿದು ಬೀಟ್‌ರೂಟ್ ಬೆಳೆಯುವ ಟೈಲರಮ್ಮ. ಬೆಳಿಗ್ಗೆ ಹೊಲ, ಆಮೇಲೆ ಬೀದಿಯಲ್ಲಿ ಹೊಲಿಗೆ ಅಂಗಡಿ. ಬೀಜದಿಂದ ಬೀಜಕ್ಕೆ ಇರಬೇಕಾದ ಅಂತರವನ್ನು ಕುತ್ತಿಗೆಯಲ್ಲಿ ನೇತಾಡುವ ಟೇಪಿನಿಂದಲೇ ಅಳೆಯುವವರು. ಕಾಗದದಲ್ಲಿ ಬೇಡ ಎಂದಿದ್ದರೆ ಅವರಿಗೆ ಬೇಡ. ಎರಡು ವರ್ಷ ಮಗುಚಿ, ನೀರು ಚಿಮುಕಿಸಿ ಮಾಗಿಸಿದ ಕಾಂಪೋಸ್ಟ್ ಅವರಲ್ಲಿತ್ತು. ಹಿಡಿದರೆ ಉಂಡೆ, ಬೆರಳು ಸಡಿಲಿಸಿದರೆ ಪುಡಿ, ಮೂಗಿಗೆ ಹಿಡಿದರೆ ಮೊದಲ ಮಳೆಯ ವಾಸನೆ. ಆರು ತಳ್ಳುಗಾಡಿ.

ಇನ್ನು ಮುಂದಿನದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ. ಆದರೂ ಬರೆಯುತ್ತೇನೆ.

ನನ್ನ ಮಣ್ಣು ಬಡವೆಂದು ನನಗೆ ಗೊತ್ತಿತ್ತು. ಗೊಬ್ಬರವಿಲ್ಲದೆ ಬೆಳೆ ಬಾರದೆಂದೂ ಗೊತ್ತಿತ್ತು. ಬೆಳೆ ಬಾರದಿದ್ದರೆ ಗೋಡೆಯ ಮೇಲಿನ ಫೋಟೋ ನಗೆಪಾಟಲಾಗುತ್ತದೆ. ಹಾಗಾಗಿ ಟೈಲರಮ್ಮನ ಅಂಗಡಿಗೆ ಹೋಗಿ, ತಪಾಸಣೆಯವರು ಗುಡ್ಡೆ ನೋಡಿದರೆ ಸುಮ್ಮನೆ ನಿಮಗೆ ತೊಂದರೆ, ಅದನ್ನು ನನ್ನ ಮನೆಯ ಹಿಂದಿನ ಹೂಗಿಡಗಳಿಗೆ ಹಾಕಿಕೊಳ್ಳುತ್ತೇನೆ ಎಂದೆ. ಅವರು ಯಂತ್ರ ನಿಲ್ಲಿಸಿ, ಹಾಳಾಗುವುದಕ್ಕಿಂತ ನಿಮಗಾದರೂ ಆಗಲಿ ಅಣ್ಣಾ ಎಂದು ಉಪಕಾರವೆಂಬಂತೆ ಕೊಟ್ಟರು. ನನ್ನ ಮನೆಯ ಹಿಂದೆ ಇರುವುದು ಒಂದೇ ಒಂದು ಗುಲಾಬಿ ಗಿಡ. ಆರು ಗಾಡಿ ಗೊಬ್ಬರ ಹಾಕಿದ್ದರೆ ಅದರ ಮೇಲೆ ಹತ್ತಿ ಕುಳಿತು ಊರು ನೋಡಬಹುದಿತ್ತು. ಹಾಡಹಗಲು, ಅವರು ಅಂಗಡಿಯಲ್ಲಿದ್ದ ಹೊತ್ತಿಗೆ, ಬದು ದಾಟಿಸಿ ಆರೂ ಗಾಡಿಗಳನ್ನು ನನ್ನ ಹೊಲಕ್ಕೆ ಹರಡಿದೆ. ಅಕ್ಕ ಒಂದು ವಾರ ಮಾತು ಬಿಟ್ಟಳು. ಆ ವಾರ ನಮ್ಮ ಮನೆಯಲ್ಲಿ ಮಾತಾಡಿದ್ದು ಅವಳು ಕುಕ್ಕುತ್ತಿದ್ದ ತಟ್ಟೆ ಮಾತ್ರ.

ನನ್ನ ಬೀಟ್‌ರೂಟ್ ಮುಷ್ಟಿಗಾತ್ರ ಬಂತು, ಒಳಗೆ ರಕ್ತದಂತೆ ಕೆಂಪು, ತಿಂದರೆ ಸಿಹಿ. ನೀವು ಮತ್ತೊಮ್ಮೆ ಶಹಬ್ಬಾಸ್ ಎಂದಿರಿ. ಟೈಲರಮ್ಮನದು ಹೊರಗೆ ನೋಡಲು ಅಡ್ಡಿಯಿಲ್ಲ; ಆಸ್ಪತ್ರೆಯ ಅಡುಗೆಮನೆಗೆ ಹೋದದ್ದು ಮಾರನೆಯ ದಿನವೇ ಚೀಲ ಸಮೇತ ವಾಪಸ್ ಬಂತು. ಅಂದು ಸಂಜೆ ಮೂರು ಗಡ್ಡೆ ಹಿಡಿದು ನಮ್ಮ ಜಗಲಿಗೆ ಬಂದರು. ನಿಮ್ಮ ಪರಿವೀಕ್ಷಕರು ಕುಳಿತಿದ್ದ ಅದೇ ಕುರ್ಚಿಯ ಮೇಲೆ ಗಡ್ಡೆಯಿಟ್ಟು ಚಾಕುವಿನಿಂದ ಸೀಳಿದರು. ಒಳಗೆ ಬೆಂಡಿನಂಥ ಕಪ್ಪು ಕಲೆಗಳು. ಒಂದರಲ್ಲಲ್ಲ, ಮೂರರಲ್ಲೂ.

“ಅಣ್ಣಾ, ಒಳಗೆ ಇಷ್ಟು ಕಪ್ಪಾಗೋ ಹಾಗೆ ನಾನೇನು ಮಾಡ್ದೆ? ಮಣ್ಣು ಚೆನ್ನಾಗಿದೆ ಅಂತ ಕಾಗದ ಇದೆ. ಹಾಗಾದ್ರೆ ತಪ್ಪು ನನ್ನ ಕೈದೇ ಅಲ್ವಾ?”

ಮೂವತ್ತು ವರ್ಷ ರಂಗದ ಮೇಲೆ ಒಂದು ಸಾಲು ಮರೆತವನಲ್ಲ ನಾನು. ಅಂದು ಮರೆತಿದ್ದರೆ ಚೆನ್ನಾಗಿತ್ತು. ಆದರೆ ಒಂದು ಸಾಲು ಬಂದೇ ಬಂತು.

“ಮುಂದಿನ ಸಲ ನೀರು ಸ್ವಲ್ಪ ನೋಡ್ಕೊಂಡು ಬಿಡಿ, ತಾಯಿ.”

ಬುದ್ಧಿ ಹೇಳಿದೆ, ಮಾನ್ಯರೇ. ಆಕೆಯ ಗೊಬ್ಬರ ತಿಂದು ಬೆಳೆದ ಬೆಳೆ ನನ್ನ ಮನೆಯೊಳಗೆ ರಾಶಿ ಬಿದ್ದಿರುವಾಗ ಬುದ್ಧಿ ಹೇಳಿದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯಾದರೂ ಮೇಕೆಗೆ ಉಪದೇಶ ಮಾಡಿರಲಿಲ್ಲ. ಅವರು ಗಡ್ಡೆಯ ಚೂರುಗಳನ್ನು ಆಯ್ದು, ಕುರ್ಚಿಗೆ ಅಂಟಿದ್ದ ಕೆಂಪನ್ನು ತಮ್ಮ ಸೆರಗಿನಿಂದಲೇ ಒರೆಸಿ ಹೋದರು.

ಆ ಕಪ್ಪು ಕಲೆ ಏನೆಂದು ನಿಮ್ಮದೇ ಕೈಪಿಡಿಯ ಹನ್ನೆರಡನೆಯ ಪುಟದಲ್ಲಿದೆ. ಬೋರಾನ್ ಎಂಬ, ಚಿಟಿಕೆಯಷ್ಟೇ ಬೇಕಾದ ಪೋಷಕಾಂಶ ಸಿಗದಿದ್ದರೆ ಬೀಟ್‌ರೂಟ್ ಒಳಗೊಳಗೇ ಕಪ್ಪಾಗುತ್ತದೆ. ನಮ್ಮಿಬ್ಬರ ಹೊಲದಂಥ ಮರಳು ಮಣ್ಣಿನಲ್ಲಿ ಅದು ನೀರಿನೊಡನೆ ಇಳಿದುಹೋಗುತ್ತದೆ. ಮಾಗಿದ ಕಾಂಪೋಸ್ಟ್ ಅದನ್ನು ಒದಗಿಸಿ ಹಿಡಿದಿಡುತ್ತದೆ. ನೀವು ಇದನ್ನು ಅಚ್ಚು ಹಾಕಿಸಿದ್ದೀರಿ, ಓದಿಲ್ಲ. ಓದಿದ್ದರೆ, ‘ಗುಣಮಟ್ಟದ ವೈಫಲ್ಯ’ದ ಕಾರಣಕ್ಕೆ ಬರುವ ತಿಂಗಳ ಒಂದನೇ ತಾರೀಖು ಟೈಲರಮ್ಮನನ್ನು ಗುಂಪಿನಿಂದ ತೆಗೆದುಹಾಕುವ ನೋಟಿಸಿಗೆ ಸಹಿ ಹಾಕುತ್ತಿದ್ದಿರಾ? ಗುಂಪಿನಿಂದ ಹೋದರೆ ಅವರ ಬೆಳೆಯನ್ನು ಸಾವಯವ ಎಂದು ಯಾರೂ ಕೊಳ್ಳುವುದಿಲ್ಲ. ಜಮೀನನ್ನು ಬಿಟ್ಟುಕೊಡುತ್ತೇನೆ ಎಂದು ಅವರು ಈಗಾಗಲೇ ಹೇಳಿದ್ದಾರೆ. ‘ನನ್ನ ಕೈಗೆ ಮಣ್ಣು ಒಲಿಯುವುದಿಲ್ಲ’ ಎಂಬುದು ಅವರು ಕೊಟ್ಟ ಕಾರಣ.

ನೋಟಿಸಿನ ಸುದ್ದಿ ತಿಳಿದ ಮೇಲೆ ನಿಮ್ಮ ಕಚೇರಿಗೆ ಬಂದೆ. ನನ್ನ ಫೋಟೋದ ಕೆಳಗೇ ನಿಂತು, ಮಾದರಿ ಸುಳ್ಳು ಎಂದು ಗುಮಾಸ್ತರಿಗೆ ಹೇಳಿದೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು.

“ಮೊಹರು ಬಿದ್ಮೇಲೆ ಅದು ನಮ್ಮ ಮಣ್ಣು ಸ್ವಾಮಿ. ನಮ್ಮ ಮಣ್ಣು ಸುಳ್ಳು ಅನ್ನೋಕೆ ನೀವ್ಯಾರು?”

ಆಕ್ಷೇಪಣೆಯ ನಮೂನೆ ಕೇಳಿದೆ. ಫಲಿತಾಂಶ ಕಡಿಮೆ ಬಂದಿದೆ ಎನ್ನಲು ನಮೂನೆ ಇದೆಯಂತೆ. ಹೆಚ್ಚು ಬಂದಿದೆ ಎನ್ನಲು ಇಲ್ಲವಂತೆ, ಈವರೆಗೆ ಯಾರೂ ಕೇಳಿಲ್ಲವಂತೆ. ಎಂಥ ಕಚೇರಿ ಕಟ್ಟಿದ್ದೀರಿ ಮಾನ್ಯರೇ! ಸುಳ್ಳು ಒಳಗೆ ಬರಲು ಹೆಬ್ಬಾಗಿಲು, ನಿಜ ಹೇಳಿ ಹೊರಗೆ ಹೋಗಲು ಕಿಟಕಿಯೂ ಇಲ್ಲ. ಹಾಗೆಂದು ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನೀವು ಬಾಗಿಲು ತೆರೆದಿಟ್ಟವರು. ನುಗ್ಗಿದವನು ನಾನು.

ನಿಮ್ಮಲ್ಲಿ ನಮೂನೆ ಇಲ್ಲದ್ದರಿಂದ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಅಚ್ಚಿಗೆ ಕೊಡುವ ಮೊದಲು ಇಲ್ಲಿಯವರೆಗಿನ ಪತ್ರವನ್ನು ಟೈಲರಮ್ಮನ ಅಂಗಡಿಯಲ್ಲಿ ಕುಳಿತು ಓದಿದೆ. ಮೊದಲ ಬಾರಿಗೆ ಧ್ವನಿ ಏರಿಸದೆ ಓದಿದೆ. ಅವರು ಹೊಲಿಯುತ್ತಲೇ ಕೇಳಿದರು. ಗುಲಾಬಿ ಗಿಡದ ಮಾತು ಬಂದಾಗ ಯಂತ್ರ ನಿಂತಿತು. ಓದಿ ಮುಗಿಸಿದ ಮೇಲೆ ಸೂಜಿಯ ಕೆಳಗಿನ ಬಟ್ಟೆಯನ್ನು ಎಳೆದು ದಾರ ಕತ್ತರಿಸಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿದ್ದೆ.

“ಆರು ಗಾಡಿ ಇನ್ನೂ ನಿಮ್ಮ ಹೊಲದಲ್ಲೇ ಇದೆಯಲ್ಲ. ಅದನ್ನ ಯಾವ ಅರ್ಜಿ ಹಾಕಿ ವಾಪಸ್ ತರಿಸ್ಲಿ?”

ಈ ಸಲ ಅಣ್ಣಾ ಎನ್ನಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಿದವಳು ನನ್ನ ಅಕ್ಕ. ಮಣ್ಣಿಗೆ ಬೆರೆತ ಗೊಬ್ಬರ ಹಿಂದಕ್ಕೆ ಬರುವುದಿಲ್ಲ. ಬದು ದಾಟಿ ಗೊಬ್ಬರ ಬಂದ ದಾರಿಯಲ್ಲಿ ಅದರ ಒಡತಿಯೂ ನಮ್ಮ ಹೊಲಕ್ಕೆ ಬರಲಿ, ನಾವು ಅವರ ಹೊಲಕ್ಕೆ ಹೋಗೋಣ ಎಂದಳು. ಅಂಗಡಿಗೆ ಹೋಗಿ ಕೇಳಿದವಳೂ ಅವಳೇ. ಟೈಲರಮ್ಮ ಒಪ್ಪಿದ್ದಾರೆ, ಅಳತೆ ತಾವೇ ಮಾಡಿಕೊಳ್ಳುವ ಷರತ್ತಿನ ಮೇಲೆ. ಅವರ ಜಮೀನಿನ ಒಡೆಯರೂ ಒಪ್ಪಿದ್ದಾರೆ. ಒಪ್ಪಬೇಕಾದವರು ಇನ್ನು ನೀವೊಬ್ಬರೇ. ಹೊಲಗಳು ನಿಮ್ಮ ದಾಖಲೆಯಲ್ಲಿ ನಂಬರು ಹಾಕಿ ಕುಳಿತಿವೆ.

ಆದ್ದರಿಂದ ನನ್ನ ಆಗ್ರಹ ಕೇಳಿ. ಒಂದನೇ ತಾರೀಖಿನೊಳಗೆ ಟೈಲರಮ್ಮನ ಮೇಲಿನ ನೋಟಿಸನ್ನು ಹಿಂತೆಗೆದುಕೊಳ್ಳಿ; ಗುಂಪಿನಿಂದ ತೆಗೆಯಲೇಬೇಕಾದ ಒಂದು ಹೆಸರಿದ್ದರೆ ಅದು ನನ್ನದು. ಮುಂದಿನ ಹಂಗಾಮಿಗೆ ನನ್ನ ಹೊಲವನ್ನು ಅವರ ಹೆಸರಿಗೂ ಅವರದನ್ನು ನಮ್ಮ ಪಾಲಿಗೂ ಬರೆಯಿರಿ. ಗೊಬ್ಬರ ಬೇಡವೆಂಬ ಆದೇಶವನ್ನು ಹರಿಯಿರಿ. ಆಮೇಲೆ ಬೂಟು ಬಿಚ್ಚಿಟ್ಟು ನೀವೇ ಬನ್ನಿ, ಹದಿನೆಂಟು ಹೊಲಗಳಲ್ಲೂ ಅಂಕುಡೊಂಕಾಗಿ ನಡೆಯಿರಿ. ಗುದ್ದಲಿ ನಾನು ಹಿಡಿಯುತ್ತೇನೆ. ಎಲ್ಲಿ ಅಗೆಯಬೇಕೆಂದು ಮಾತ್ರ ನನ್ನನ್ನು ಕೇಳಬೇಡಿ.

ಇಂತಿ,
ನಿಮ್ಮ ಗೋಡೆಯಿಂದ ಇಳಿಸಬೇಕಾದವನು
(ಕಟ್ಟು ಗಟ್ಟಿಯಾಗಿದೆ, ಬೇರೆಯವರಿಗೆ ಆಗುತ್ತದೆ)