ಹದಿನಾರನೆಯ ಸ್ಥಾನ

ಗ್ಯಾಡ್ಸ್‌ಡನ್, ಅಲಬಾಮಾ
೧೬ ನವೆಂಬರ್ ೧೯೮೬, ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ತಾತನವರಿಗೆ,

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ದೂರವಾಣಿಯಲ್ಲಿ ಓದಿ ಹೇಳಬೇಕಾದ, ಕಾಲೇಜು ಫುಟ್‌ಬಾಲ್ ತಂಡಗಳ ಶ್ರೇಯಾಂಕದ ಪಟ್ಟಿಯ ವಿಷಯದಲ್ಲಿ, ನೇಡೀನ್ ಅವರ ಕೈಯಲ್ಲಿ ನೀವು ಕಳುಹಿಸಿದ ಕೋರಿಕೆಗೆ ಉತ್ತರ ಕೊಡುವುದೊಂದೇ ಈ ಪತ್ರದ ಉದ್ದೇಶ. ಉತ್ತರ ಕೊನೆಯಲ್ಲಿದೆ. ನೀವು ಕನ್ನಡಕ ಹುಡುಕಿಕೊಂಡು ನೇರವಾಗಿ ಕೊನೆಯ ಹಾಳೆಗೆ ಹೋಗುವವರೆಂದು ಬಲ್ಲೆ. ಈ ಬಾರಿ ಮೊದಲಿನಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಆಗಸ್ಟ್ ತಿಂಗಳಿನಿಂದ ನಿಮಗೆ ಬರೆಯದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಫುಟ್‌ಬಾಲ್ ಋತು ಆರಂಭವಾದ ಮೇಲೆ ವಾರದಲ್ಲಿ ನನ್ನದೆಂದು ಉಳಿಯುವುದು ಭಾನುವಾರದ ಪ್ರಾರ್ಥನೆಯ ಒಂದು ಗಂಟೆ ಮಾತ್ರ. ಅಲ್ಲಿಯೂ ಮನಸ್ಸು ಅಂಕಗಳನ್ನು ಕೂಡಿಸುತ್ತಿರುತ್ತದೆ. ನಿಮ್ಮ ಮೊಣಕಾಲಿನ ನೋವು ಕಡಿಮೆಯಾಗಿದೆಯೆಂದು ನೇಡೀನ್ ಹೇಳಿದರು. ಕಿವಿ ಮಾತ್ರ ಇನ್ನೂ ಮಂದವಾಗಿದೆಯಂತೆ, ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೀರಂತೆ. ಅವರು ತಂದ ಸಿಹಿತಿಂಡಿ, ಪೀಕನ್ ಪೈ, ಕಚೇರಿಯ ಮೇಜಿನ ಮೇಲಿದೆ. ಈ ಪತ್ರಕ್ಕಾಗಿ ಅವರು ಹೊರಗಿನ ಬೆಂಚಿನ ಮೇಲೆ, ಕೋಟನ್ನೂ ತೆಗೆಯದೆ, ಕಾಯುತ್ತ ಕುಳಿತಿದ್ದಾರೆ.

ನಿನ್ನೆಯ ಶನಿವಾರದಂಥ ಶನಿವಾರವನ್ನು ನಮ್ಮ ಕ್ರೀಡಾ ಸಂಪಾದಕ ಪರ್ವಿಸ್ ಅವರೂ ಕಂಡಿಲ್ಲವಂತೆ. ಕಳೆದ ವಾರದ ಪಟ್ಟಿಯಲ್ಲಿ ಎರಡನೆಯ, ಮೂರನೆಯ, ಐದನೆಯ ಮತ್ತು ಏಳನೆಯ ಸ್ಥಾನದಲ್ಲಿದ್ದ ತಂಡಗಳು ಒಂದೇ ಮಧ್ಯಾಹ್ನ ಸೋತವು. ಹನ್ನೆರಡನೆಯ ಸ್ಥಾನದಲ್ಲಿದ್ದ ನಿಮ್ಮ ಪೈನ್ ಫೋರ್ಕ್ ಕಾಲೇಜು, ತನ್ನದೇ ಮೈದಾನದಲ್ಲಿ, ಪಟ್ಟಿಯಲ್ಲಿ ಹೆಸರೇ ಇಲ್ಲದ ಎಲ್‌ಡ್ರಿಜ್ ಕಾಲೇಜಿಗೆ ಇಪ್ಪತ್ತು–ಹದಿನೇಳರಿಂದ ಸೋತಿತು. ನೀವು ಅಲ್ಲಿದ್ದಿರಿ. ನಾನು ಮೇಲೆ, ಪತ್ರಕರ್ತರ ಕೋಣೆಯಲ್ಲಿದ್ದೆ.

ಇಂದು ಬೆಳಿಗ್ಗೆ ಒಂದೊಂದು ತಂಡಕ್ಕೆ ಒಂದೊಂದು ಚೀಟಿ ಬರೆದು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದಾಗ ಪರ್ವಿಸ್ ಬಂದರು. ಬಾಗಿಲಲ್ಲಿ ನಿಂತು ನೋಡಿದರು.

“ಏನಮ್ಮಾ ಇದು, ಇಸ್ಪೀಟ್ ಆಡ್ತಿದ್ದೀಯಾ? ಅದೂ ಭಾನುವಾರ?”

“ಟ್ಯಾರೆಂಟ್ ಹಾರ್ಲನ್‌ನ ಸೋಲಿಸಿದೆ ಸಾರ್, ಹಾರ್ಲನ್ ಮೋಬ್ಲಿನ ಸೋಲಿಸಿದೆ, ಮೋಬ್ಲಿ ಟ್ಯಾರೆಂಟ್‌ನ ಸೋಲಿಸಿದೆ. ಯಾರನ್ನ ಮೇಲಿಡಲಿ?”

“ತಲೆ ಯಾಕೆ ಕೆಡಿಸ್ಕೊಳ್ತೀಯ. ಹೋದ ವಾರದ ಪಟ್ಟಿ ತಗೋ. ಸೋತೋರನ್ನ ಮೂರು ಮೆಟ್ಟಿಲು ಇಳಿಸು, ಗೆದ್ದೋರನ್ನ ಒಂದು ಮೆಟ್ಟಿಲು ಹತ್ತಿಸು, ಊಟಕ್ಕೆ ಹೋಗು. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಅಷ್ಟೇ.”

“ಪಟ್ಟಿಯಲ್ಲೇ ಇಲ್ಲದೋರು ಗೆದ್ದಿದ್ರೆ?”

“ಅವರ ಬಗ್ಗೆ ಒಂದು ಒಳ್ಳೆ ಮಾತು ಬರಿ. ಮಾತಿಗೆ ಅಂಕ ಬೀಳಲ್ಲ.” ಹೊರಡುವ ಮುನ್ನ ಅವರು ಚೀಟಿಗಳತ್ತ ಕೈ ತೋರಿಸಿದರು. “ಸೋತಿರೋರನ್ನೆಲ್ಲ ಸೋತಿದ್ದಾರೆ ಅಂತ ಬರ್ಕೊಂಡಿದ್ದೀಯ ತಾನೇ?”

ಆ ಕುಟುಕು ನನಗೆ ಸಲ್ಲಬೇಕಾದದ್ದೇ. ಎರಡು ವಾರಗಳ ಹಿಂದೆ ನಾನು ಶುಕ್ರವಾರವೇ ಪಟ್ಟಿಯ ಕರಡು ಬರೆದಿಟ್ಟು, ಸೋಮವಾರದ ಅವಸರದಲ್ಲಿ ಹೊಸ ಪಟ್ಟಿಯ ಬದಲು ಆ ಕರಡನ್ನೇ ಓದಿಬಿಟ್ಟೆ. ಶನಿವಾರ ಮೂವತ್ತೊಂದು ಅಂಕಗಳಿಂದ ಸೋತಿದ್ದ ತಂಡವೊಂದು ನನ್ನ ಹೆಸರಿನ ಕೆಳಗೆ ನಾಲ್ಕನೆಯ ಸ್ಥಾನದಲ್ಲಿ ಅಚ್ಚಾಯಿತು. ಹತ್ತೊಂಬತ್ತು ಮಂದಿ ಪತ್ರಕರ್ತರು ಮತ ಹಾಕುವ ಪಟ್ಟಿಯಲ್ಲಿ ನಾನೊಬ್ಬಳೇ ಹೆಂಗಸು, ವಯಸ್ಸಿನಲ್ಲಿಯೂ ಎಲ್ಲರಿಗಿಂತ ಚಿಕ್ಕವಳು. ನನ್ನ ತಪ್ಪನ್ನು ಯಾರೂ ಬೇರೆ ಯಾರದೋ ತಪ್ಪೆಂದು ತಿಳಿಯುವ ಸಂಭವವಿರಲಿಲ್ಲ. ಅದನ್ನು ಕತ್ತರಿಸಿ ನಿಮ್ಮ ಊರಿನ ಕ್ಷೌರದಂಗಡಿಯ ಕನ್ನಡಿಗೆ ಅಂಟಿಸಿದ್ದಾರೆಂಬುದನ್ನೂ ಬಲ್ಲೆ.

ಇನ್ನು ನಿಮ್ಮ ಪತ್ರ. ನೀವು ಸುತ್ತುಬಳಸಿ ಬರೆಯುವವರಲ್ಲ, ಇದರಲ್ಲಿಯೂ ಬಳಸಿಲ್ಲ. ನಾಳೆಯದು ಕೊನೆಯ ಪಟ್ಟಿ. ಮೇಲಿನ ಹದಿನಾರು ತಂಡಗಳಿಗೆ ಮಾತ್ರ ಡಿಸೆಂಬರ್ ಪಂದ್ಯಗಳು. ಪೈನ್ ಫೋರ್ಕ್ ಅಲ್ಲಿಗೆ ಹೋಗದಿದ್ದರೆ ನೇಡೀನ್ ಅವರ ಗಂಡ ರಾಯ್ಸ್ ಹೆಂಡ್ರಿ ಅವರ ಜಾಗಕ್ಕೆ ಬೇರೆ ತರಬೇತುದಾರನನ್ನು ತರುವುದಾಗಿ ಕಾಲೇಜಿನ ಆಡಳಿತ ಮಂಡಳಿ ಹೇಳಿದೆ. ಕಳೆದ ವರ್ಷ ಹದಿನಾರನೆಯ ಸ್ಥಾನ ತೀರ್ಮಾನವಾದದ್ದು ಎರಡೇ ಅಂಕಗಳ ಅಂತರದಲ್ಲಿ. ಮೊದಲ ಸ್ಥಾನಕ್ಕೆ ಹದಿನಾರು, ಕೊನೆಯದಕ್ಕೆ ಒಂದು ಎಂಬ ಲೆಕ್ಕದಲ್ಲಿ, ಈ ಶುಕ್ರವಾರದ ನನ್ನ ಕರಡಿನಲ್ಲಿ ಪೈನ್ ಫೋರ್ಕ್ ಇರುವ ಹನ್ನೆರಡನೆಯ ಸ್ಥಾನಕ್ಕೆ ಐದು ಅಂಕ. ಆದ್ದರಿಂದ, ನಿಮ್ಮ ಮಾತಿನಲ್ಲೇ ಹೇಳುವುದಾದರೆ: “ಶುಕ್ರವಾರದ ಕರಡನ್ನೇ ಇನ್ನೊಂದ್ಸಲ ಓದ್ಬಿಡು. ಹೋದ ಸಲ ತಪ್ಪಿ ಆಯ್ತು, ಈ ಸಲ ಬೇಕಂತ ಆಗ್ಲಿ. ನೋಡೋರಿಗೆ ಎರಡೂ ಒಂದೇ. ಎರಡು ದಿನ ನಗ್ತಾರೆ, ಬಿಡ್ತಾರೆ. ರಾಯ್ಸ್‌ದು ಹಂಗಲ್ಲ, ಜೀವನ.”

ಯೋಜನೆ ಚೆನ್ನಾಗಿದೆ, ತಾತ. ನಾನು ಅದರಲ್ಲಿ ಲೋಪ ಹುಡುಕಿದೆ, ಸಿಗಲಿಲ್ಲ. ನಿಯಮದ ಪ್ರಕಾರ, ಓದಿ ಮುಗಿಸಿದ ಪಟ್ಟಿಯನ್ನು ತಿದ್ದುವಂತಿಲ್ಲ. ಎರಡು ಬಾರಿ ಒಂದೇ ತಪ್ಪು ಮಾಡಿದವಳಿಂದ ಮುಂದಿನ ವರ್ಷ ಮತವನ್ನು ಹಿಂತೆಗೆದುಕೊಳ್ಳಬಹುದು. ಆದರೆ ಈ ವರ್ಷದ ಐದು ಅಂಕ ಉಳಿಯುತ್ತವೆ.

ರಾಯ್ಸ್ ಅವರಿಗಾಗಿ ನಾನು ಏನನ್ನೂ ಮಾಡಲಾರೆ ಎಂದು ಭಾವಿಸಬೇಡಿ. ನನಗೆ ಹನ್ನೊಂದು ವರ್ಷವಾಗಿದ್ದಾಗ, ನಿಮ್ಮ ನೆಲಮಾಳಿಗೆಯಲ್ಲಿ ನೀವು ತರಬೇತುದಾರರಾಗಿ ಪೈನ್ ಫೋರ್ಕ್ ಹುಡುಗರಿಗೆ ಹಿಂದಿನ ಪಂದ್ಯದ ಚಿತ್ರ ತೋರಿಸುವಾಗ, ಪ್ರೊಜೆಕ್ಟರ್ ತಿರುಗಿಸಲು ನನಗೆ ಕೊಟ್ಟವರು ಅವರು. “ಚೆಂಡು ನೋಡ್ಬೇಡ ಪುಟ್ಟೀ, ಚೆಂಡು ಎಲ್ರೂ ನೋಡ್ತಾರೆ. ಪಾದ ನೋಡು. ಪಾದಕ್ಕೆ ಸುಳ್ಳು ಹೇಳಕ್ಕೆ ಬರಲ್ಲ,” ಎಂದಿದ್ದರು. ನಾನು ಇಂದು ಬರೆಯುವ ಪ್ರತಿಯೊಂದು ಸಾಲಿಗೂ ಆ ಮಾತು ಆಧಾರ.

ನಿನ್ನೆಯೂ ಪಾದಗಳನ್ನೇ ನೋಡಿದೆ. ಕೊನೆಯ ಹತ್ತು ನಿಮಿಷ ಪೈನ್ ಫೋರ್ಕ್ ಹುಡುಗರ ಪಾದಗಳು ಹಿಂದಕ್ಕೆ ಸರಿಯುತ್ತಿದ್ದವು. ಎಲ್‌ಡ್ರಿಜ್ ತಂಡದಲ್ಲಿ ಇದ್ದವರು ನಲವತ್ತೊಂದೇ ಮಂದಿ. ಅವರಲ್ಲಿ ಕೆಲವರು ದಾಳಿಗೂ ರಕ್ಷಣೆಗೂ ಇಳಿದು ಇಡೀ ಪಂದ್ಯ ಆಡಿದರು, ಅವರ ಪಾದಗಳು ಮುಂದಕ್ಕೇ ಇದ್ದವು. ಪಂದ್ಯ ಮುಗಿದ ಮೇಲೆ ಅವರ ತರಬೇತುದಾರ ಓಡೆಲ್ ಫ್ರೈಯರ್ಸನ್ ಅವರನ್ನು ಮಾತಾಡಿಸಲು ಹೋದೆ. ಅವರು ಬಸ್ಸಿನ ಚಾಲಕನ ಆಸನದಲ್ಲಿ ಕುಳಿತು ಎಂಜಿನ್ ಬಿಸಿಮಾಡುತ್ತಿದ್ದರು. ತಂಡದ ಬಸ್ಸನ್ನು ಓಡಿಸುವವರೂ ಅವರೇ.

“ನಮ್ಮನ್ನ ಪಟ್ಟಿಗೆ ಸೇರಿಸ್ಕೊಳ್ತೀರಾ ಅಂತ ಕೇಳಲ್ಲ ಮೇಡಂ,” ಎಂದರು. “ಒಂಬತ್ತು ವರ್ಷದಿಂದ ಎಲ್ರೂ ‘ಇನ್ನೊಂದು ವಾರ ನೋಡೋಣ’ ಅಂತಾನೇ ಹೇಳಿದ್ದು. ಈ ಸಲ ಇನ್ನೊಂದು ವಾರಾನೇ ಇಲ್ಲ. ಅದಕ್ಕೆ ಏನಂತಾರೋ ನೋಡ್ಬೇಕು ಅಂತ ಆಸೆ, ಅಷ್ಟೇ.”

ಹಿಂದಿನಿಂದ ಯಾರೋ ಹುಡುಗ, “ಕೋಚ್, ಊಟಕ್ಕೆ ನಿಲ್ಸಿ, ಆಮೇಲೆ ಫಿಲಾಸಫಿ,” ಎಂದ. ಬಸ್ಸೆಲ್ಲ ನಕ್ಕಿತು, ಅವರೂ ನಕ್ಕರು.

ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಹದಿನೈದು ಚೀಟಿಗಳು ಸಾಲಾಗಿ ನಿಂತಿದ್ದವು. ಟ್ಯಾರೆಂಟ್, ಹಾರ್ಲನ್, ಮೋಬ್ಲಿಗಳ ಚಕ್ರವನ್ನು, ಪರವೂರಿನಲ್ಲಿ ಗೆದ್ದವರನ್ನು ಮೇಲಿಟ್ಟು ಬಿಡಿಸಿದೆ. ಹದಿನಾರನೆಯ ಸ್ಥಾನಕ್ಕೆ ಉಳಿದದ್ದು ಎರಡು ಚೀಟಿ: ಎಂಟು ಗೆದ್ದು ಎರಡು ಸೋತ ಪೈನ್ ಫೋರ್ಕ್, ಏಳು ಗೆದ್ದು ಮೂರು ಸೋತ ಎಲ್‌ಡ್ರಿಜ್. ಆಗ ನೇಡೀನ್ ಬಂದರು.

ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. “ರಾಯ್ಸ್‌ಗೆ ನಾನಿಲ್ಲಿಗೆ ಬಂದಿರೋದು ಗೊತ್ತಿಲ್ಲ ಕಣೇ ವರ್ನಾ. ಗೊತ್ತಾದ್ರೆ ಮನೆಗೆ ಸೇರಿಸಲ್ಲ. ಅವರು ನಿನ್ನೆ ಬಂದೋರೇ ಹುಡುಗರ ಜೆರ್ಸಿ ತಾವೇ ಒಗೆದು ಹಾಕಿದ್ರು. ಯಾಕ್ರೀ ಅಂದ್ರೆ, ‘ಮುಂದಿನೋನು ಬಂದಾಗ ಕೊಳಕಾಗಿ ಇರಬಾರದಲ್ಲ’ ಅಂದ್ರು.” ಮತ್ತೆ ಹೇಳಿದರು: “ನಿಮ್ಮ ತಾತ ಧೈರ್ಯ ಹೇಳಿದ್ರು. ‘ವರ್ನಾ ಮಾಡ್ತಾಳೆ, ಅವಳು ಚಿಕ್ಕೋಳಿದ್ದಾಗಿಂದ ನನ್ನ ಮುಖ ನೋಡ್ಕೊಂಡೇ ಬೆಳೆದೋಳು, ನಾನು ಹೇಳಿದ್ದಕ್ಕೆ ಇಲ್ಲ ಅಂದಿದ್ದೇ ಇಲ್ಲ’ ಅಂದ್ರು. ಅದಕ್ಕೇ ಬಂದೆ.”

ಅವರು ಅದನ್ನು ನನ್ನ ಮೇಲಿನ ಹೊಗಳಿಕೆಯೆಂದೇ ಹೇಳಿದರು. ನಾನು ಅವರಿಗೆ ಕಾಫಿ ತಂದುಕೊಟ್ಟೆ.

ಅನಂತರ ಬಾಗಿಲು ಮುಚ್ಚಿಕೊಂಡು ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ಮೇಜಿನ ಒಂದು ಬದಿಗೆ ಶುಕ್ರವಾರದ ಕರಡು, ಇನ್ನೊಂದು ಬದಿಗೆ ಎರಡು ಚೀಟಿ. ಹೀಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಕುಳಿತಿದ್ದೆ. ಒಮ್ಮೆ ಕರಡನ್ನು ಕೈಯಲ್ಲಿ ಹಿಡಿದು, ನಾಳೆ ಓದುವಂತೆಯೇ, ಗಟ್ಟಿಯಾಗಿ ಒಂದರಿಂದ ಹನ್ನೆರಡರವರೆಗೆ ಓದಿಯೂ ನೋಡಿದೆ. ನನ್ನ ದನಿ ಎಲ್ಲಿಯೂ ತಡವರಿಸಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಚಳಿ ಹೆಚ್ಚುತ್ತಿದೆ. ಮೊಣಕಾಲಿಗೆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡಿ. ಕಿವಿಯ ವೈದ್ಯರ ಬಳಿಗೆ ಡಿಸೆಂಬರ್ ಮೊದಲ ವಾರದಲ್ಲಿ ನಾನೇ ಕರೆದೊಯ್ಯುತ್ತೇನೆ. ದಿನವನ್ನು ಗೊತ್ತುಮಾಡಿ ತಿಳಿಸುತ್ತೇನೆ. ಈ ಪತ್ರದಲ್ಲಿರುವುದನ್ನು ನೇಡೀನ್ ಅವರಿಗೆ ನೀವೇ ಓದಿ ಹೇಳಿ, ಮೆಲ್ಲಗೆ ಹೇಳಿ. ರಾಯ್ಸ್ ಅವರಿಗೆ ನಾನು ಬೇರೆಯಾಗಿ ಬರೆಯುವೆ. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ನಿಮ್ಮ ಮೊಮ್ಮಗಳು,
ವರ್ನಾ ಗ್ಯಾಟ್ಲಿನ್

ಮರೆತದ್ದು:

ನಿಮ್ಮ ಪತ್ರದ ಮೂರನೆಯ ಹಾಳೆ ಉಳಿದೆರಡಕ್ಕಿಂತ ದಪ್ಪವಾಗಿತ್ತು. ತಿರುಗಿಸಿ ನೋಡಿದೆ. ಅದು ಈ ವರ್ಷದ ಮೇ ತಿಂಗಳಲ್ಲಿ ನನ್ನ ಪದವಿ ಪ್ರದಾನಕ್ಕೆ ಬರಬೇಕೆಂದು ನಿಮಗೆ ಕಳುಹಿಸಿದ್ದ ಆಹ್ವಾನ. ಇನ್ನೂರ ಹನ್ನೆರಡು ಮಂದಿಯಲ್ಲಿ ಮೊದಲಿಗಳೆಂದು ಅಂದು ನಾನು ಭಾಷಣ ಮಾಡಿದೆ. ಮುಂದಿನ ಸಾಲಿನಲ್ಲಿ ನಿಮ್ಮ ಹೆಸರಿನ ಕುರ್ಚಿ ಖಾಲಿ ಇತ್ತು. ಆಹ್ವಾನ ಅಂಚೆಯಲ್ಲಿ ಕಳೆದುಹೋಯಿತೆಂದು ಜೂನ್‌ನಲ್ಲಿ ನೀವು ಹೇಳಿದಿರಿ. ನಾನು ನಂಬಿದೆ, ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತ ಬಂದೆ. ಅದರ ಮೇಲೆ ನೀವು ಪೆನ್ಸಿಲಿನಲ್ಲಿ ಪೈನ್ ಫೋರ್ಕ್ ತಂಡದ ಆಟದ ನಕ್ಷೆ ಬರೆದಿದ್ದೀರಿ. ಬಲಬದಿಯ ಓಟಗಾರನ ಗೆರೆ ನನ್ನ ಹೆಸರಿನ ಮೇಲೆ ಹಾದುಹೋಗಿದೆ. ಹಾಳೆಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ನಕ್ಷೆ ನಿಮಗೆ ಬೇಕಾಗಬಹುದು.

ಶುಕ್ರವಾರದ ಕರಡನ್ನು ನಾಳೆ ನಾನು ಓದುವುದಿಲ್ಲ. ಹದಿನಾರನೆಯ ಸ್ಥಾನ ಎಲ್‌ಡ್ರಿಜ್‌ದು.