ಅಶ್ಲೀಲವೆಂದು ತಾವಿಟ್ಟುಕೊಂಡ ಪುಸ್ತಕ

ಮಾನ್ಯರೇ,

ನಾಟಕಗಳಿಗೆ ಪರವಾನಗಿ ಕೊಡುವ ಕುರ್ಚಿಯಲ್ಲಿ ಕುಳಿತಿರುವ ತಾವು ನಮ್ಮ ನಾಟಕವನ್ನು ನಿಲ್ಲಿಸಿದಿರಿ, ಆಗಲಿ. ಆದರೆ ಅದರ ಕೈಬರಹದ ಪುಸ್ತಕವನ್ನು ಎಂಟು ತಿಂಗಳಿಂದ ಹಿಂದಿರುಗಿಸದೆ ಇಟ್ಟುಕೊಂಡಿರುವುದು ಯಾವ ಕಾನೂನು? ನಾಲ್ಕು ಅರ್ಜಿ ಬರೆದೆ, ಉತ್ತರ ಬರಲಿಲ್ಲ. ಅದಕ್ಕೇ ಈಗ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾವು ಸೊರಬದ ಕಡೆಯ ಒಕ್ಕಲುಮಕ್ಕಳು, ಸುಗ್ಗಿ ಮುಗಿದ ಮೇಲೆ ಬಣ್ಣ ಹಚ್ಚುವ ಹವ್ಯಾಸಿಗಳು. ಯುಗಾದಿಗೆ ಶಿಕಾರಿಪುರದಲ್ಲಿ ಆಡಲೆಂದು ನಮ್ಮ ನಾಟಕದ ಮೇಷ್ಟ್ರು ಉಚ್ಚಂಗಪ್ಪನವರು ಬರೆದದ್ದು ಒಬ್ಬ ಮುದಿ ಪಾಳೆಯಗಾರನ ಕಥೆ. ಹಲ್ಲು ಉದುರಿದ ಮೇಲೆ ಅವನಿಗೆ ಇನ್ನೊಂದು ಮದುವೆಯ ಹುಚ್ಚು. ಹೆಣ್ಣುವೇಷ ಕಟ್ಟಿ ಅವನ ಹೆಂಡತಿಯ ಪಾರ್ಟು ಮಾಡುವವನು ನಾನು. "ಇರೋ ಹೊಲಾನೇ ಉಳೋಕಾಗ್ದೆ ಬದುವಿನ ಮೇಲೆ ಮಲಗ್ತೀರಿ, ಇನ್ನೊಂದು ಹೊಲ ಯಾಕ್ರೀ ದೊರೆ?" ಎಂಬ ಅವಳ ಮಾತಿಗೆ ತಾವು ನಿಷೇಧದ ಆದೇಶದಲ್ಲಿ "ಅಶ್ಲೀಲ, ಸಾರ್ವಜನಿಕ ನೀತಿಗೆ ಧಕ್ಕೆ" ಎಂದು ಷರಾ ಬರೆದಿದ್ದೀರಿ. ಸ್ವಾಮಿ, ನಮ್ಮ ಕಡೆಯ ನಾಟಿ ಗದ್ದೆಯಲ್ಲಿ ಹೆಂಗಸರ ಮಾತು ಕೇಳುತ್ತ ಒಂದು ಗಳಿಗೆ ನಿಂತರೆ ತಮ್ಮ ಕಿವಿಯ ಗತಿ ಏನಾದೀತು?

ತಪ್ಪು ನಮ್ಮದೂ ಇದೆ. ಮೇಷ್ಟ್ರು ಬಾಯಲ್ಲೇ ಹೇಳಿ ಕಲಿಸುವವರು. ಒಂದು ಅಂಕ ನಮ್ಮ ನಾಲಿಗೆಗೆ ಕೂತ ಮೇಲೇ ಮುಂದಿನದನ್ನು ತೆಗೆಯುತ್ತಿದ್ದರು. ನಮಗೆ ಬಂದದ್ದು ಮೊದಲ ಅಂಕ ಮಾತ್ರ, ಉಳಿದೆರಡು ಆ ಒಂದೇ ಪುಸ್ತಕದಲ್ಲಿವೆ. ಪರವಾನಗಿಗೆ ನಕಲು ಮಾಡಿ ಕೊಡೋಣವೆಂದೆ. "ಥೂ, ಸರ್ಕಾರಕ್ಕೆ ನಕಲು ಕೊಡ್ತಾರೇನೋ? ಮರ್ಯಾದೆ ಅಲ್ಲ. ಅಸಲೇ ಕೊಡಾಣ" ಎಂದರು. ಹೊಸ ಪಂಚೆಯಲ್ಲಿ ಸುತ್ತಿ ತಂದು ತಮ್ಮ ಮೇಜಿನ ಮೇಲಿಟ್ಟರು.

ಆಮೇಲೆ ಕೇಳಲು ಬಂದಾಗ ತಮ್ಮ ಜವಾನ ನಮ್ಮನ್ನು ಜಗುಲಿಯಲ್ಲೇ ನಿಲ್ಲಿಸಿದ. ಒಳಗೆ ಗುಮಾಸ್ತರೊಬ್ಬರು ನಮ್ಮ ಪುಸ್ತಕವನ್ನೇ ಗಟ್ಟಿಯಾಗಿ ಓದುತ್ತಿದ್ದರು, ಕಚೇರಿಗೆ ಕಚೇರಿಯೇ ಬಿದ್ದು ಬಿದ್ದು ನಗುತ್ತಿತ್ತು. ನೀತಿಗೆ ಧಕ್ಕೆಯಾಗುವುದು ನಾವು ಆಡಿದರೆ ಮಾತ್ರವೇ? ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ನನ್ನ ಕೈ ಹಿಡಿದರು. "ಸುಮ್ನಿರೋ, ಎಲ್ಲಿ ನಗ್ಬೇಕೋ ಅಲ್ಲೇ ನಗ್ತಾ ಅದಾರೆ." ಆ ನಾಟಕಕ್ಕೆ ಅವರು ಕೇಳಿದ ನಗು ಅದೊಂದೇ. "ನಾಳೆ ಬನ್ನಿ" ಎಂದಿರಿ. ಬಂದೆವು. ಹತ್ತು ನಾಳೆ ಕಳೆದವು. ನಾಗರಪಂಚಮಿಗೆ ಮೊದಲೇ ಮೇಷ್ಟ್ರು ಜ್ವರದಲ್ಲಿ ತೀರಿಕೊಂಡರು. ಅದಕ್ಕೆ ಎರಡು ದಿನ ಮುಂಚೆ ಎರಡನೇ ಅಂಕವನ್ನು ಹೇಳಿ ಬರೆಸಲು ಹೊರಟು, ನಾಲ್ಕು ಮಾತಿಗೇ ನೆನಪು ಕೈಕೊಟ್ಟು, ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು. ನಾನು ಪೆನ್ಸಿಲ್ ಹಿಡಿದು ಕೂತಿದ್ದೆ. ಆ ಅಳು ಇನ್ನೂ ನನ್ನ ಎದೆ ಬಿಟ್ಟಿಲ್ಲ.

ಮೊನ್ನೆ ಅವರ ಹೆಂಡತಿ ಮಾಸ್ತಮ್ಮನವರು ಕರೆಸಿದರು. ಅವರಿಗೆ ಓದು ಬರುವುದಿಲ್ಲ. ಅಶ್ಲೀಲ ಅಂದರೇನು, ಅಂಥದ್ದೇನಿತ್ತು ಎಂದು ಕೇಳಿದರು. ನಾಚಿಕೆಯಾದರೂ ಆ ಹೊಲದ ಮಾತನ್ನೇ ಹೇಳಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅದು ನಾನು ಬೈದಿದ್ದು ಕಣೋ ಆನಂದಪ್ಪ. ಆ ಹೆಂಡ್ತಿ ಆಡೋದೆಲ್ಲ ನಂದೇ ಮಾತು. ನಾನು ಒಲೆ ಮುಂದೆ ಬೈಯೋದು, ಅವ್ರು ನಕ್ಕೊಂಡು ಬರ್ಕೊಳ್ಳೋದು. ನಲ್ವತ್ತು ವರ್ಷದ ನಮ್ಮ ಜಗಳ ಅದ್ರಾಗೈತೆ. ಈಗ ಬೈಯೋಣ ಅಂದ್ರೆ ಮನೇಲಿ ಯಾರು ಅದಾರೆ?"

ಮಾನ್ಯರೇ, ನಮಗೆ ಪರವಾನಗಿ ಬೇಡ. ಈ ನಾಟಕ ಆಡುವುದಿಲ್ಲವೆಂದು ಮುಚ್ಚಳಿಕೆ ಬೇಕಾದರೂ ಬರೆದುಕೊಡುತ್ತೇವೆ. ಪುಸ್ತಕ ಕೊಡಿ. ಕೆಂಪು ಶಾಯಿ ಬಳಿದಿದ್ದರೂ ಚಿಂತೆಯಿಲ್ಲ, ಅಡಿಯ ಅಕ್ಷರ ಕಂಡರೆ ಸಾಕು. ಮಾಸ್ತಮ್ಮನವರ ಮುಂದೆ ಕೂತು ಗಂಡನ ಮಾತುಗಳನ್ನು ನಾನು ಓದುತ್ತೇನೆ. ಉತ್ತರ ಅವರೇ ಕೊಡುತ್ತಾರೆ.

ಇಂತಿ,
ಗುರು ಬದುಕಿದ್ದಾಗ ಬಾಯಿ ಬಿಡದೆ ನಿಂತ ಶಿಷ್ಯ,
ಆನಂದಪ್ಪ
ಸೊರಬ ತಾಲ್ಲೂಕು, ನವೆಂಬರ್ ೧೯೫೮