ಎಸೆದ ಎರಡು ಗುರುತುಗಳು

ಸ್ವೆಂಡ್‌ಬೋರ್, ಸೋಮವಾರ

ಯೆಪ್ಪೆಯವರೇ,

'ಪ್ರಿಯ' ಎಂದು ಬರೆಯಲು ಕೈ ಏಳಲಿಲ್ಲ.

ನನ್ನ ಊಟದಂಗಡಿಯ ವೆಬ್‌ಸೈಟಿಗೆ ನೀವು ಬರೆದುಕೊಟ್ಟ ಆರ್ಡರ್ ಫಾರ್ಮಿನಲ್ಲಿ 'ಯಾವುದು ಒಗ್ಗುವುದಿಲ್ಲ, ಗುರುತು ಹಾಕಿ' ಎಂಬ ಪ್ರಶ್ನೆ ಇದೆಯಲ್ಲ, ಅದರ ವಿಷಯ. ಶನಿವಾರ ನನ್ನ ಗೆಳತಿ ವಿಬೆಕೆಯ ಮಗಳು ಸಿಗ್ನೆಗೆ ಚರ್ಚಿನಲ್ಲಿ ದೃಢೀಕರಣ ಸಂಸ್ಕಾರ, ಔತಣದ ಅಡುಗೆ ನನ್ನದು. ವಿಬೆಕೆಯಿಂದ ನನಗೆ ಬಂದ ಆರ್ಡರಿನಲ್ಲಿ 'ಮೊಟ್ಟೆ' ಎಂದಷ್ಟೇ ಇತ್ತು. ಮೊಟ್ಟೆ ಬಿಟ್ಟೆ, ರೈ ಬ್ರೆಡ್ಡಿನ ಮೇಲೆ ಸೀಗಡಿ ಧಾರಾಳವಾಗಿ ಹಾಕಿದೆ. ಹುಡುಗಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದಳು. ಬದುಕಿದ್ದಾಳೆ.

ಫೋನ್ ಮಾಡಿದರೆ ನೀವು ನಕ್ಕಿರಿ. "ಬೋದಿಲ್, ನೀವು ಮೀನು ನೋಡ್ಕೊಳ್ಳಿ, ಸರ್ವರ್ ನಂಗ್ ಬಿಡಿ. ಆಯಮ್ಮ ಒಂದೇ ಗುರುತು ಹಾಕಿರ್ತಾಳೆ, ಜನ ಓದೋದೇ ಇಲ್ಲ" ಅಂದಿರಿ. ಅದನ್ನೇ ವಿಬೆಕೆಗೂ ಬರೆದು ಕಳಿಸಿದಿರಿ.

ನಿನ್ನೆ ನಾನೇ ಗಿರಾಕಿಯಾಗಿ ಸೀಗಡಿ, ಬಾದಾಮಿ, ಮೊಟ್ಟೆ ಮೂರಕ್ಕೂ ಗುರುತು ಹಾಕಿ ಕಳಿಸಿದೆ. ಬಂದದ್ದು ಮೊಟ್ಟೆ ಮಾತ್ರ. ಬ್ರೌಸರ್ ಮೂರನ್ನೂ ಹೊತ್ತು ತರುತ್ತದೆ. ಮೂರಕ್ಕೂ ನೀವು ಕೋಡಿನಲ್ಲಿ ಒಂದೇ ಹೆಸರಿಟ್ಟಿದ್ದರಿಂದ ನಿಮ್ಮ ಸ್ಕ್ರಿಪ್ಟು ಮೊದಲಿನೆರಡನ್ನು ಎಸೆದು ಕೊನೆಯದನ್ನು ಇಟ್ಟುಕೊಳ್ಳುತ್ತದೆ.

ಫಾರ್ಮ್ ತೆಗೆಸಿದ್ದೇನೆ. ಹೊಸದನ್ನು ಬೇರೆಯವರು ಬರೆಯುತ್ತಾರೆ. ನಿಮ್ಮಿಂದ ಬೇಕಾದದ್ದು ಒಂದೇ ಕೆಲಸ. ವಿಬೆಕೆ ನಿಮ್ಮ ಮಾತು ನಂಬಿ, ಗುರುತು ಹಾಕಲು ತಾನೇ ಮರೆತೆನೆಂದು ಮಗಳ ಮಂಚದ ಪಕ್ಕ ಅಳುತ್ತಾ ಕೂತಿದ್ದಾಳೆ. ತಪ್ಪು ಫಾರ್ಮಿನದು ಎಂದು ನಾನು ಹೇಳಿದರೆ, ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಳು. ಇಂದೇ ಆಸ್ಪತ್ರೆಗೆ ಹೋಗಿ. ಹೂವು ಬೇಡ. "ನೀವು ಗುರುತು ಹಾಕಿದ್ರಿ, ನಾನು ಎಸೆದೆ" ಅಂತ ನಿಮ್ಮ ಬಾಯಿಂದಲೇ ಹೇಳಿ.

ಆಮೇಲೂ ನನ್ನ ಅಂಗಡಿ ಕಡೆ ಬರಬೇಕಾಗಿಲ್ಲ.

ಬೋದಿಲ್